ಹದಿನೈದು ನಿಮಿಷ ಅಂತ ಶುರುವಾದ ಮಾತು

ಬಿಲ್ ವಿಲ್ಸನ್ ಹೆಸರು ನಮ್ಮ ಸಿಲೆಬಸ್‌ನಲ್ಲಿ ಎಲ್ಲೂ ಬರೋದಿಲ್ಲ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಬಂದ ನಮಗೆಲ್ಲ ಗೊತ್ತಿರೋ ಒಂದು ಸಮಸ್ಯೆಗೆ ಈತ ದಾರಿ ಹುಡುಕಿದ. ಮನೆಯಲ್ಲಿ, ಓಣಿಯಲ್ಲಿ, ಕೆಲವೊಮ್ಮೆ ಹಾಸ್ಟೆಲ್‌ನ ಪಕ್ಕದ ರೂಮಿನಲ್ಲೇ ಇರೋ ಸಮಸ್ಯೆ ಅದು: ಕುಡಿತ.

ಬಿಲ್ ಹುಟ್ಟಿದ್ದು 1895ರ ನವೆಂಬರ್ 26ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಸಣ್ಣ ಊರಲ್ಲಿ. ಅವನು ಹುಟ್ಟಿದ ಕೋಣೆ ಇದ್ದದ್ದು ಒಂದು ಹೋಟೆಲಿನ ಬಾರಿನ ಹಿಂದೆ! ಹತ್ತು ವರ್ಷದ ಹೊತ್ತಿಗೆ ಅಪ್ಪ-ಅವ್ವ ಬೇರೆಯಾದರು, ಹುಡುಗ ಅಜ್ಜ-ಅಜ್ಜಿಯ ಹತ್ತಿರ ಬೆಳೆದ. ಆಸ್ಟ್ರೇಲಿಯಾದವರನ್ನು ಬಿಟ್ಟರೆ ಬೇರೆ ಯಾರಿಗೂ ಬೂಮರಾಂಗ್ ಮಾಡಲು ಬರೋದಿಲ್ಲ ಅಂತ ಅಜ್ಜ ಒಮ್ಮೆ ಕೆಣಕಿದ. ಬಿಲ್ ತಿಂಗಳುಗಟ್ಟಲೆ ಕಟ್ಟಿಗೆ ಕೆತ್ತಿ, ಎಸೆದರೆ ತಿರುಗಿ ಬರೋ ಬೂಮರಾಂಗ್ ಮಾಡೇಬಿಟ್ಟ. ಅಂಥ ಹಟ.

ಮೊದಲ ಮಹಾಯುದ್ಧದ ಹೊತ್ತಿಗೆ ಆತ ಸೈನ್ಯದಲ್ಲಿ ಯುವ ಅಧಿಕಾರಿ. ಜನರ ನಡುವೆ ಮಾತಾಡಲು ಹಿಂಜರಿಯುತ್ತಿದ್ದ ಹುಡುಗನಿಗೆ 1917ರಲ್ಲಿ ಒಂದು ಪಾರ್ಟಿಯಲ್ಲಿ ಕುಡಿದಾಗ ಆ ಸಂಕೋಚ ಹೋದಂತೆ ಅನಿಸಿತು. ಅಲ್ಲಿಂದ ಶುರು. 1918ರಲ್ಲಿ ಲೋಯಿಸ್‌ಳನ್ನು ಮದುವೆಯಾದ. ಥಾಮಸ್ ಎಡಿಸನ್ ಕಂಪನಿಯ ಕಠಿಣ ಪರೀಕ್ಷೆ ಪಾಸಾಗಿ ಕೆಲಸದ ಆಫರ್ ಪಡೆದ. ಷೇರು ಮಾರ್ಕೆಟ್‌ನಲ್ಲಿ ದುಡ್ಡು ಮಾಡಿದ. ಕಾನೂನು ಓದಿದ, ಆದರೆ ಕುಡಿತದಿಂದಾಗಿ ಪದವಿ ಕೈಗೆ ಬರಲಿಲ್ಲ. 1929ರಲ್ಲಿ ಮಾರ್ಕೆಟ್ ಕುಸಿದಾಗ ಉಳಿದದ್ದೂ ಹೋಯಿತು. ಲೋಯಿಸ್ ಅಂಗಡಿಯಲ್ಲಿ ದುಡಿದು ಮನೆ ನಡೆಸಿದಳು.

ಬುದ್ಧಿ, ಹಟ ಎರಡೂ ಇದ್ದವನಿಗೆ ಬಾಟಲಿ ಮಾತ್ರ ಬಿಡಲಾಗಲಿಲ್ಲ. ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಮತ್ತೆ ಮತ್ತೆ ಸೇರಿದ. ಇದು ನಡತೆಯ ದೋಷ ಅಲ್ಲ, ಕಾಯಿಲೆ ಅಂತ ಅಲ್ಲಿನ ಡಾಕ್ಟರ್ ಸಿಲ್ಕ್‌ವರ್ತ್ ತಿಳಿಸಿ ಹೇಳಿದರು. 1934ರ ಕೊನೆಗೆ ಎಬ್ಬಿ ಎಂಬ ಹಳೇ ಕುಡುಕ ಗೆಳೆಯ ಮನೆಗೆ ಬಂದ. ಅವನು ಕುಡಿತ ಬಿಟ್ಟಿದ್ದ! ಅದೇ ಡಿಸೆಂಬರ್‌ನಲ್ಲಿ ಬಿಲ್ ಕೊನೆಯ ಸಲ ಕುಡಿದ.

ಆಮೇಲೆ ತಿಂಗಳುಗಟ್ಟಲೆ ಸಿಕ್ಕ ಕುಡುಕರಿಗೆಲ್ಲ ಉಪದೇಶ ಮಾಡಿದ. ಒಬ್ಬನೂ ಬಿಡಲಿಲ್ಲ. ಆದರೆ ಅವರ ಹಿಂದೆ ಓಡಾಡುತ್ತಾ ಆತ ಮಾತ್ರ ಕುಡಿಯದೆ ಉಳಿದಿದ್ದ.

1935ರ ಮೇ ತಿಂಗಳಲ್ಲಿ ಕೆಲಸದ ಮೇಲೆ ಓಹಾಯೋದ ಆಕ್ರನ್ ಊರಿಗೆ ಹೋದ. ಕೆಲಸ ಕೆಟ್ಟಿತು, ಜೇಬು ಖಾಲಿ. ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ ಒಂದು ಕಡೆ ಬಾರು, ನಗು, ಗ್ಲಾಸಿನ ಸಪ್ಪಳ. ಇನ್ನೊಂದು ಕಡೆ ಟೆಲಿಫೋನು, ಊರಿನ ಚರ್ಚುಗಳ ಪಟ್ಟಿ. ಬಿಲ್ ಫೋನಿನ ಕಡೆ ನಡೆದ. ತನಗೆ ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂತ ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿದ. ಕೊನೆಗೆ ಸಿಕ್ಕಿದ್ದು ಡಾಕ್ಟರ್ ಬಾಬ್ ಸ್ಮಿತ್, ಕುಡಿತದಿಂದ ಹೈರಾಣಾದ ಸರ್ಜನ್. ಹದಿನೈದೇ ನಿಮಿಷ ಅಂತ ಬಂದವರು ಗಂಟೆಗಟ್ಟಲೆ ಕೂತರು. ಈ ಸಲ ಬಿಲ್ ಉಪದೇಶ ಮಾಡಲಿಲ್ಲ, ತನ್ನ ಕಥೆ ಹೇಳಿದ. ಬಾಬ್ ಕೊನೆಯ ಸಲ ಕುಡಿದ ದಿನ ಅಂತ ಗುರುತಿಸುವ 1935ರ ಜೂನ್ 10, ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ ದಿನವೂ ಹೌದು.

1939ರಲ್ಲಿ ಅದರ ಪುಸ್ತಕ ಬಂತು. 1951ರಲ್ಲಿ ಲೋಯಿಸ್ ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಶುರುಮಾಡಿದಳು. ಯೇಲ್ ವಿಶ್ವವಿದ್ಯಾಲಯ ಕೊಡಲು ಬಂದ ಗೌರವ ಡಾಕ್ಟರೇಟನ್ನು ಬಿಲ್ ಬೇಡ ಅಂದ. ಹಾಗಂತ ಆತ ದೇವರೇನಲ್ಲ. ಸಿಗರೇಟಿನ ಚಟದಿಂದ ಶ್ವಾಸಕೋಶ ಕೆಟ್ಟು, 1971ರ ಜನವರಿ 24ರಂದು ತೀರಿಕೊಂಡ. ಅದು ಅವರ ಮದುವೆಯ ದಿನವೂ ಆಗಿತ್ತು.

ನಮ್ಮ ಜಿಲ್ಲೆಗೂ ಈ ವಿಷಯ ಹೊಸದಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಊರೂರು ತಿರುಗಿ, ದುಡ್ಡು-ಕಾಳಿನ ಬದಲು ಜನರ ಚಟಗಳನ್ನೇ ಜೋಳಿಗೆಗೆ ಬೇಡಿದರು. ಧರ್ಮಸ್ಥಳದ ಜನಜಾಗೃತಿ ವೇದಿಕೆ ರಾಜ್ಯದ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು ನವಜೀವನ ಸಮಿತಿ ಕಟ್ಟಿಕೊಂಡು ಮತ್ತೆ ಮತ್ತೆ ಸೇರುತ್ತಾರೆ. ಆಕ್ರನ್‌ನಲ್ಲಿ ಇಬ್ಬರು ಕೂತು ಕಂಡುಕೊಂಡದ್ದೂ ಇದನ್ನೇ: ಬಿಡೋದು ಒಂದು ದಿನದ ಕೆಲಸ, ಬಿಟ್ಟದ್ದನ್ನು ಉಳಿಸಿಕೊಳ್ಳೋಕೆ ಜೊತೆ ಬೇಕು.

ನಿಮಗೋ ನಿಮ್ಮವರಿಗೋ ಇದು ಬೇಕಿದ್ದರೆ, ಬಿಲ್ ಮಾಡಿದ ಹಾಗೆ ಮೊದಲು ಒಂದು ಫೋನ್ ಮಾಡಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಹತ್ತಿರದ ಸಭೆ ಎಲ್ಲಿ, ಯಾವ ವಾರ ಅಂತ ಕೇಳಿ. ತಾಲೂಕಾ ಆಸ್ಪತ್ರೆಯಲ್ಲೂ ವಿಚಾರಿಸಿ. ಎಎ ಸಭೆಗೆ ಫೀ ಇಲ್ಲ, ಅಲ್ಲಿ ಹೆಸರು ಹೊರಗೆ ಬರೋದಿಲ್ಲ. ಓಪನ್ ಮೀಟಿಂಗ್ ಆದರೆ ಮನೆಯವರೂ, ಗೆಳೆಯರೂ ಹೋಗಿ ಕೂರಬಹುದು. ಊರಲ್ಲಿ ಸಭೆ ಇಲ್ಲದಿದ್ದರೆ ಆನ್‌ಲೈನ್ ಸಭೆಗಳಿವೆ. ಒಂದು ಎಚ್ಚರಿಕೆ: ದಿನಾ ವಿಪರೀತ ಕುಡಿಯೋರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅಂಥವರು ಮೊದಲು ಡಾಕ್ಟರನ್ನು ಕಾಣಲೇಬೇಕು.

ಪಕ್ಕದ ರೂಮಿನವನಿಗೆ ಒಬ್ಬನೇ ಹೋಗೋಕೆ ನಾಚಿಕೆ ಅನಿಸಿದರೆ, ಮೊದಲ ಸಲ ಡಾಕ್ಟರ್ ಹತ್ತಿರವೋ ಸಭೆಗೋ ನೀವೂ ಜೊತೆಗೆ ಹೋಗಿ.