ಗೆದ್ದ ರಾಜ್ಯ ಬಿಟ್ಟುಬಂದ ಚಂದ್ರಗುಪ್ತ ಮುನಿಗಳು

ಆದಿ ಉಡುಪಿ, ಮಣಿಪಾಲ, ಕಾಪು ಕಡೆಯಿಂದ ಕಾರ್ಕಳದ ಗೊಮ್ಮಟಬೆಟ್ಟಕ್ಕೆ ಬರುವ ಯಾತ್ರಾರ್ಥಿಗಳು ಬಹಳ. ಕ್ರಿ.ಶ. 1432ರಲ್ಲಿ ವೀರಪಾಂಡ್ಯ ಭೈರರಸ ಪ್ರತಿಷ್ಠಾಪಿಸಿದ 42 ಅಡಿ ಎತ್ತರದ ಸ್ವಾಮಿಯ ದರ್ಶನ ಮಾಡಿ, ಅಣ್ಣ ಭರತನನ್ನು ಗೆದ್ದ ಮೇಲೂ ರಾಜ್ಯವನ್ನು ಅವನಿಗೇ ಬಿಟ್ಟುಕೊಟ್ಟು ತಪಸ್ಸಿಗೆ ನಿಂತ ಬಾಹುಬಲಿಯ ಕಥೆ ಕೇಳಿ ಧನ್ಯರಾಗುತ್ತಾರೆ. ಬಾಹುಬಲಿಯದು ಪುರಾಣ ಕಾಲ. ಇತಿಹಾಸ ಕಾಲದಲ್ಲೂ ಅದೇ ದಾರಿಯಲ್ಲಿ ನಡೆದ ಚಕ್ರವರ್ತಿ ಒಬ್ಬ ಇದ್ದ, ಅವನು ದೇಹ ಬಿಟ್ಟದ್ದು ಕನ್ನಡ ನಾಡಿನ ಬೆಟ್ಟದ ಮೇಲೆಯೇ ಎಂದು ಜೈನ ಪರಂಪರೆ ಹೇಳುತ್ತದೆ. ಆತನೇ ಮೌರ್ಯ ಚಂದ್ರಗುಪ್ತ.

ಯವನರ ದಂಡು ಬಂದ ಕಾಲ

ಚಂದ್ರಗುಪ್ತ ಹುಡುಗನಾಗಿದ್ದಾಗ ಲೋಕವೇ ಅಲ್ಲೋಲಕಲ್ಲೋಲವಾಗಿತ್ತು. ಗ್ರೀಸಿನ ಉತ್ತರದ ಮ್ಯಾಸಿಡೋನಿಯಾ ಎಂಬ ಚಿಕ್ಕ ರಾಜ್ಯದಿಂದ ಹೊರಟ ಅಲೆಕ್ಸಾಂಡರ್ ಪರ್ಷಿಯಾವನ್ನು ಮುರಿದು, ಕ್ರಿ.ಪೂ. 326ರಲ್ಲಿ ಪಂಜಾಬಿಗೆ ನುಗ್ಗಿದ. ಝೀಲಂ ನದಿಯ ದಡದಲ್ಲಿ ಪುರು ರಾಜನನ್ನು ಸೋಲಿಸಿದ. ಬಿಯಾಸ್ ನದಿ ಮುಟ್ಟುವಷ್ಟರಲ್ಲಿ ದಣಿದ ಸೈನಿಕರು ಇನ್ನು ಮುಂದೆ ಬರುವುದಿಲ್ಲ ಅಂತ ಹಟ ಹಿಡಿದರು. ಹಿಂದಿರುಗಿದ ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಬ್ಯಾಬಿಲೋನಿನಲ್ಲಿ ತೀರಿಕೊಂಡ. ಅವನು ಗೆದ್ದದ್ದನ್ನೆಲ್ಲ ಸೇನಾಪತಿಗಳು ಹರಿದು ಹಂಚಿಕೊಂಡರು, ಆಮೇಲೆ ತಮ್ಮತಮ್ಮಲ್ಲೇ ವರ್ಷಗಟ್ಟಲೆ ಕಾದಾಡಿದರು. ತರುಣ ಚಂದ್ರಗುಪ್ತ ಅಲೆಕ್ಸಾಂಡರನನ್ನು ಕಣ್ಣಾರೆ ಕಂಡಿದ್ದನೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ.

ಕ್ರಿ.ಪೂ. 321ರ ಸುಮಾರಿಗೆ ಚಂದ್ರಗುಪ್ತ ಚಾಣಕ್ಯನ ನೆರವಿನಿಂದ ನಂದರನ್ನು ಕಿತ್ತೊಗೆದು ಮಗಧದ ಸಿಂಹಾಸನ ಏರಿದ. ಅಲೆಕ್ಸಾಂಡರನ ಸೇನಾಪತಿಗಳಲ್ಲೊಬ್ಬನಾದ ಸೆಲ್ಯೂಕಸ್ ಪೂರ್ವದ ಪ್ರಾಂತ್ಯಗಳನ್ನು ಕಟ್ಟಿಕೊಂಡು, ಕ್ರಿ.ಪೂ. 305ರ ಹೊತ್ತಿಗೆ ಸಿಂಧೂ ನದಿ ದಾಟಿ ಬಂದ. ಕೊನೆಗೆ ಅವನೇ ಸಂಧಿ ಮಾಡಿಕೊಳ್ಳಬೇಕಾಯಿತು. ಕಾಬೂಲ್, ಕಂದಹಾರ್ ಕಡೆಯ ಸೀಮೆಗಳು ಚಂದ್ರಗುಪ್ತನ ಪಾಲಿಗೆ ಬಂದವು. ಎರಡು ಮನೆತನಗಳ ನಡುವೆ ಮದುವೆಯ ಸಂಬಂಧದ ಒಪ್ಪಂದವೂ ಆಯಿತು. ಪ್ರತಿಯಾಗಿ ಚಂದ್ರಗುಪ್ತ ಕೊಟ್ಟದ್ದು 500 ಆನೆಗಳನ್ನು. ಕ್ರಿ.ಪೂ. 301ರಲ್ಲಿ ಇಂದಿನ ಟರ್ಕಿ ದೇಶದ ಇಪ್ಸಸ್ ರಣರಂಗದಲ್ಲಿ ಸೆಲ್ಯೂಕಸನ ಪಕ್ಷ ಗೆದ್ದದ್ದು ಈ ಆನೆಗಳ ಬಲದಿಂದಲೇ.

ನಿದ್ದೆಯಿಲ್ಲದ ಅರಮನೆ

ಸೆಲ್ಯೂಕಸನ ಕಡೆಯಿಂದ ಮೆಗಸ್ತನೀಸ್ ಎಂಬ ರಾಯಭಾರಿ ಪಾಟಲಿಪುತ್ರಕ್ಕೆ, ಅಂದರೆ ಈಗಿನ ಪಟ್ನಾಕ್ಕೆ ಬಂದ. ಅವನ ಪುಸ್ತಕ ಉಳಿದಿಲ್ಲ. ಬೇರೆ ಗ್ರೀಕ್ ಲೇಖಕರು ಅದರಿಂದ ಎತ್ತಿಕೊಂಡ ಮಾತುಗಳು ಉಳಿದಿವೆ. ಊರ ಸುತ್ತ ಮರದ ಕೋಟೆ, ಅದಕ್ಕೆ 64 ಬಾಗಿಲು, 570 ಬುರುಜು ಎಂದು ಅವನು ಲೆಕ್ಕ ಕೊಟ್ಟಿದ್ದಾನೆ. ಪಟ್ನಾದ ಬುಲಂದಿಬಾಗಿನಲ್ಲಿ ಅಗೆದಾಗ ಮರದ ಕೋಟೆಯ ದಿಮ್ಮಿಗಳು ನಿಜಕ್ಕೂ ಸಿಕ್ಕಿವೆ.

ಅವನು ಇನ್ನೊಂದು ಸಂಗತಿಯನ್ನೂ ಬರೆದಿಟ್ಟ. ಇಷ್ಟು ದೊಡ್ಡ ರಾಜ ಹಗಲು ಮಲಗುವಂತಿಲ್ಲ. ರಾತ್ರಿಯೂ ಕೊಲೆಗಾರರ ಭಯಕ್ಕೆ ಆಗಾಗ ಹಾಸಿಗೆ ಬದಲಾಯಿಸಬೇಕು. ಅವನ ಮೈಗಾವಲಿಗೆ ಆಯುಧ ಹಿಡಿದ ಹೆಂಗಸರು. ಅಂದರೆ ಯವನರನ್ನು ತಡೆದು ನಿಲ್ಲಿಸಿದವನಿಗೆ ಸ್ವಂತ ಮನೆಯಲ್ಲಿ ನೆಮ್ಮದಿಯ ನಿದ್ದೆ ಇರಲಿಲ್ಲ!

ಹದಿನಾರು ಕನಸು

ಇಲ್ಲಿಂದ ಮುಂದಿನದು ಜೈನ ಪರಂಪರೆಯ ಕಥೆ. ಒಂದು ರಾತ್ರಿ ಚಂದ್ರಗುಪ್ತನಿಗೆ 16 ಕನಸು ಬಿದ್ದವು. ಅದರಲ್ಲೊಂದು ಹನ್ನೆರಡು ಹೆಡೆಯ ಸರ್ಪ. ಶ್ರುತಕೇವಲಿ ಭದ್ರಬಾಹು ಸ್ವಾಮಿಗಳ ಬಳಿ ಹೋಗಿ ಅರ್ಥ ಕೇಳಿದಾಗ, ಹನ್ನೆರಡು ವರ್ಷದ ಘೋರ ಬರಗಾಲ ಬರಲಿದೆ ಎಂದು ಅವರು ತಿಳಿಸಿದರು. ಬರಗಾಲದಲ್ಲಿ ಮುನಿಗಳಿಗೆ ಆಹಾರ ಕೊಡುವವರು ಯಾರು? ಜನರೇ ಹಸಿದಿರುವಾಗ ಅವರ ಬಾಗಿಲಲ್ಲಿ ನಿಲ್ಲುವುದೂ ಧರ್ಮವಲ್ಲ. ಹಾಗಾಗಿ 12,000 ಮುನಿಗಳ ಸಂಘ ದಕ್ಷಿಣಕ್ಕೆ ಹೊರಟಿತು.

ಚಂದ್ರಗುಪ್ತ ಮಗ ಬಿಂದುಸಾರನಿಗೆ ಪಟ್ಟ ಬಿಟ್ಟುಕೊಟ್ಟು ದೀಕ್ಷೆ ತೆಗೆದುಕೊಂಡು ಆ ಸಂಘದ ಜೊತೆ ನಡೆದ. ಆನೆ ಕುದುರೆ ಇಲ್ಲ, ಕೊಡೆ ಚಾಮರ ಇಲ್ಲ, ಮೈಮೇಲೆ ಬಟ್ಟೆಯೂ ಇಲ್ಲ. ಕಿರೀಟ ಧರಿಸಿದ ಅರಸರಲ್ಲಿ ಕೊನೆಯದಾಗಿ ಜಿನದೀಕ್ಷೆ ಪಡೆದವನು ಚಂದ್ರಗುಪ್ತನೇ ಎಂದು ತಿಲೋಯಪಣ್ಣತ್ತಿ ಎಂಬ ಪ್ರಾಕೃತ ಗ್ರಂಥ ಹೇಳುತ್ತದೆ.

ಕಟವಪ್ರದ ಗುರುಸೇವೆ

ಸಂಘ ಕಟವಪ್ರ ಬೆಟ್ಟಕ್ಕೆ ಬಂದಾಗ ತಮ್ಮ ಆಯುಷ್ಯ ಮುಗಿಯಿತೆಂದು ಭದ್ರಬಾಹುಗಳಿಗೆ ತಿಳಿಯಿತು. ವಿಶಾಖಾಚಾರ್ಯರ ಜೊತೆ ಎಲ್ಲರನ್ನೂ ಮುಂದೆ ಕಳಿಸಿದರು. ಚಂದ್ರಗುಪ್ತ ಮುನಿಗಳೊಬ್ಬರು ಮಾತ್ರ ಗುರುವನ್ನು ಬಿಟ್ಟು ಹೋಗಲಿಲ್ಲ. ಗುರುಗಳು ಸಲ್ಲೇಖನ ವ್ರತದಲ್ಲಿ ದೇಹ ಬಿಡುವವರೆಗೂ ಗುಹೆಯಲ್ಲಿ ಸೇವೆ ಮಾಡಿದರು. ಆಮೇಲೂ ಗುರುಪಾದಗಳನ್ನು ಪೂಜಿಸುತ್ತ ಅಲ್ಲೇ ಹನ್ನೆರಡು ವರ್ಷ ತಪಸ್ಸು ಮಾಡಿದರು.

ಕಾಡಿನಲ್ಲಿ ಆಹಾರ ಹೇಗೆ ಸಿಕ್ಕಿತು ಅಂತ ಯಾರಿಗೂ ಅನಿಸುತ್ತದೆ. ಅದಕ್ಕೂ ಒಂದು ಚಂದದ ಕಥೆ ಉಂಟು. ವನದೇವತೆಗಳು ಅವರಿಗಾಗಿ ಕಾಡಿನಲ್ಲೇ ಊರೊಂದನ್ನು ತೋರಿಸಿ ಆಹಾರ ಕೊಡುತ್ತಿದ್ದರಂತೆ. ಬರ ಕಳೆದು ಸಂಘ ಹಿಂದಿರುಗಿದಾಗ ಎಲ್ಲರೂ ಆ ಊರಿನಲ್ಲೇ ಆಹಾರ ತೆಗೆದುಕೊಂಡರು. ಒಬ್ಬರು ಕಮಂಡಲು ಮರೆತು ಬಂದು, ತರಲೆಂದು ಮತ್ತೆ ಹೋದರೆ ಊರೂ ಇಲ್ಲ, ಮನೆಯೂ ಇಲ್ಲ. ಕಮಂಡಲು ಮರದ ಕೊಂಬೆಯಲ್ಲಿ ನೇತಾಡುತ್ತಿತ್ತು! ಕೊನೆಗೆ ಚಂದ್ರಗುಪ್ತ ಮುನಿಗಳೂ ಅದೇ ಬೆಟ್ಟದಲ್ಲಿ ಗುರುವಿನಂತೆಯೇ ಸಮಾಧಿ ಮರಣ ಪಡೆದರು. ಹಾಸಿಗೆ ಬದಲಾಯಿಸುತ್ತಿದ್ದ ಅರಸನಿಗೆ ಬರೀ ಬಂಡೆಯ ಮೇಲೆ ಭಯವಿಲ್ಲದ ನೆಲೆ ಸಿಕ್ಕಿತ್ತು.

ಕಲ್ಲಿನಲ್ಲಿ ಉಳಿದ ನೆನಪು

ಆ ಕಟವಪ್ರವೇ ಶ್ರವಣಬೆಳಗೊಳದ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ. ಅಲ್ಲಿ ಕ್ರಿ.ಶ. 600ರ ಸುಮಾರಿನ ಶಾಸನವೊಂದು ಭದ್ರಬಾಹುಗಳು ಉಜ್ಜಯಿನಿಯಲ್ಲಿ ಬರಗಾಲ ನುಡಿದದ್ದನ್ನೂ ಸಂಘ ದಕ್ಷಿಣಕ್ಕೆ ಬಂದದ್ದನ್ನೂ ತಿಳಿಸುತ್ತದೆ. ಬೆಟ್ಟದಲ್ಲಿ ಸಮಾಧಿ ಹೊಂದಿದವರ ಹೆಸರನ್ನು ಅದು ಪ್ರಭಾಚಂದ್ರ ಎಂದು ಕೊಡುತ್ತದೆ. ಅದು ಚಂದ್ರಗುಪ್ತರ ದೀಕ್ಷಾನಾಮವೆಂದು ಹಲವರ ಅಭಿಪ್ರಾಯ. ಏಳನೇ ಶತಮಾನದ ಇನ್ನೊಂದು ಶಾಸನದಲ್ಲಿ ಭದ್ರಬಾಹು, ಚಂದ್ರಗುಪ್ತ ಎರಡೂ ಹೆಸರು ಒಟ್ಟಿಗೇ ಇವೆ. ಚಂದ್ರಗುಪ್ತ ಬಸದಿಯ ಜಾಲಂಧ್ರದಲ್ಲಿ ದಾಸೋಜ ಎಂಬ ಶಿಲ್ಪಿ ಗುರುಶಿಷ್ಯರ ಕಥೆಯನ್ನು ಸಾಲುಸಾಲಾಗಿ ಕೆತ್ತಿದ್ದಾನೆ.

ಚಂದ್ರಗುಪ್ತನ ಕಾಲಕ್ಕೂ ಮೊದಲ ಶಾಸನಕ್ಕೂ ಸುಮಾರು 900 ವರ್ಷದ ಅಂತರವಿದೆ. ಹಾಗಾಗಿ ಬಂದವನು ಮೌರ್ಯ ಚಕ್ರವರ್ತಿಯೇ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಲೂಯಿ ರೈಸರು ಈ ಪರಂಪರೆಯನ್ನು ಒಪ್ಪಿದರು, ಒಪ್ಪದವರೂ ಇದ್ದಾರೆ. ಮೌರ್ಯರ ಆಳ್ವಿಕೆ ಕನ್ನಡ ನಾಡಿಗೆ ಮುಟ್ಟಿತ್ತು ಎಂಬುದು ಮಾತ್ರ ಖಚಿತ. ಚಂದ್ರಗುಪ್ತನ ಮೊಮ್ಮಗ ಅಶೋಕನ ಶಾಸನಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಇವೆ. ಗೆದ್ದ ಕಥೆಯನ್ನು ಯವನರು ಬರೆದರು, ಬಿಟ್ಟ ಕಥೆಯನ್ನು ನಮ್ಮ ಕಲ್ಲುಗಳು ಕಾಪಾಡಿಕೊಂಡು ಬಂದವು.

ಕಾರ್ಕಳದಿಂದ ವೇಣೂರು, ಧರ್ಮಸ್ಥಳ ಮುಗಿಸಿ ಶ್ರವಣಬೆಳಗೊಳಕ್ಕೆ ಹೋಗುವವರು ದೊಡ್ಡಬೆಟ್ಟ ಹತ್ತಿ ಇಳಿದು ದಣಿವಾಯಿತೆಂದು ಬಸ್ಸು ಹತ್ತುವುದುಂಟು. ಹಾಗೆ ಮಾಡಬಾರದು. ಎದುರಿಗಿರುವ ಚಿಕ್ಕಬೆಟ್ಟವನ್ನೂ ಹತ್ತಬೇಕು, ಮೆಟ್ಟಿಲು ಕಡಿಮೆ. ಬಸದಿಗಳ ಪ್ರಾಕಾರದ ಹೊರಗೆ ಭದ್ರಬಾಹು ಗುಹೆ ಇದೆ. ಒಳಗೆ ಬಂಡೆಯಲ್ಲಿ ಕೆತ್ತಿದ ಗುರುಪಾದಗಳಿವೆ. ಚಕ್ರವರ್ತಿಯಾಗಿದ್ದವರು ಹನ್ನೆರಡು ವರ್ಷ ಬಾಗಿ ನಮಿಸಿದ್ದರೆನ್ನುವ ಆ ಪಾದಗಳಿಗೆ ನಾವೂ ಒಂದು ನಮಸ್ಕಾರ ಸಲ್ಲಿಸಿ ಬರೋಣ.