ಉಪ್ಪಿನಿಂದ ಮಕ್ಕಳ ಮಿದುಳು ಕಾಯ್ದ ಡಾ. ರಾಮಲಿಂಗಸ್ವಾಮಿ

ಕೊಡಂಗಲ್: ಕನ್ನಡದಲ್ಲೂ ತೆಲುಗಿನಲ್ಲೂ ಉಪ್ಪಿಗೆ ಉಪ್ಪು ಎಂದೇ ಹೆಸರು. ಆ ಉಪ್ಪಿಗೆ ಅಯೋಡಿನ್ ಬೆರೆಸಿದರೆ ಏನು ಲಾಭ ಎಂದು ದೇಶಕ್ಕೆ ತೋರಿಸಿಕೊಟ್ಟವರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಪ್ರಮುಖರು.

ಅವರು 1921ರ ಆಗಸ್ಟ್ 8ರಂದು ಶ್ರೀಕಾಕುಳಂನಲ್ಲಿ ಜನಿಸಿದರು. ವಿಶಾಖಪಟ್ಟಣದಲ್ಲಿ ವೈದ್ಯಕೀಯ, ಆಕ್ಸ್‌ಫರ್ಡ್‌ನಲ್ಲಿ ಉನ್ನತ ವ್ಯಾಸಂಗ ಮುಗಿಸಿ ಕೂನೂರಿನ ಪೌಷ್ಟಿಕ ಆಹಾರ ಸಂಶೋಧನಾಲಯದಲ್ಲಿ ದುಡಿದರು. 1958ರಲ್ಲಿ ಹೈದರಾಬಾದಿಗೆ ಬಂದ ಆ ಸಂಸ್ಥೆಯೇ ಈಗ ತಾರ್ನಾಕಾದಲ್ಲಿರುವ ಎನ್‌ಐಎನ್.

1956ರಲ್ಲಿ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಅವರೂ ಸಂಗಡಿಗರೂ ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದ ಪ್ರದೇಶವನ್ನು ಮೂರು ಭಾಗ ಮಾಡಿದರು. ಎರಡಕ್ಕೆ ಅಯೋಡಿನ್ ಉಪ್ಪು, ಒಂದಕ್ಕೆ ಸಾದಾ ಉಪ್ಪು. ಆಗ ಶಾಲಾ ಮಕ್ಕಳಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಗಳಗಂಡವಿತ್ತು. 1962ರ ಹೊತ್ತಿಗೆ ಅಯೋಡಿನ್ ಸಿಕ್ಕ ಕಡೆ ಅದು ಅರ್ಧಕ್ಕಿಳಿಯಿತು, ಸಾದಾ ಉಪ್ಪಿನ ಕಡೆ ಇಳಿಯಲೇ ಇಲ್ಲ. ಆ ಮೂರನೇ ಭಾಗದವರನ್ನು ಆರು ವರ್ಷ ಕಾಯಿಸಿದ್ದು ಸರಿಯೇ ಎಂದು ಇಂದು ಯಾರಾದರೂ ಕೇಳಿದರೆ ತಪ್ಪಲ್ಲ. ನಂತರ ಅವರಿಗೂ ಅಯೋಡಿನ್ ಉಪ್ಪು ಕೊಡಲಾಯಿತು.

ಕುತ್ತಿಗೆಯ ಗಡ್ಡೆ ಕಣ್ಣಿಗೆ ಕಾಣುತ್ತದೆ, ಮಿದುಳಿಗೆ ಆಗುವ ನಷ್ಟ ಕಾಣುವುದಿಲ್ಲ. ಥೈರಾಯ್ಡ್ ಗ್ರಂಥಿ ಅಯೋಡಿನ್‌ನಿಂದ ಹಾರ್ಮೋನು ತಯಾರಿಸುತ್ತದೆ. ಮಿದುಳಿನ ನರಕೋಶಗಳ ಒಳಗೆ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ಹಾರ್ಮೋನು ಬಂದು ಕೂತರೆ ಮಾತ್ರ ಕೋಶ ಸರಿಯಾಗಿ ಬೆಳೆದು ಪಕ್ಕದ ಕೋಶಗಳ ಜೊತೆ ಕೊಂಡಿ ಹಾಕಿಕೊಳ್ಳುತ್ತದೆ. ಗರ್ಭದಲ್ಲಿ ಮೂರನೇ ತಿಂಗಳ ಹೊತ್ತಿಗೇ ಮಗುವಿನ ಮಿದುಳಿನಲ್ಲಿ ಗ್ರಾಹಕಗಳು ಇರುತ್ತವೆ, ಆದರೆ ಮಗುವಿನ ಗ್ರಂಥಿ ಇನ್ನೂ ಕೆಲಸ ಹಿಡಿದಿರುವುದಿಲ್ಲ. ಅಲ್ಲಿಯವರೆಗೆ ತಾಯಿಯ ಹಾರ್ಮೋನೇ ಗತಿ. ತಾಯಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಮಗು ಬುದ್ಧಿಮಾಂದ್ಯ, ಕಿವುಡು, ಮೂಕತನದೊಂದಿಗೆ ಹುಟ್ಟಬಹುದು. ಆಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಕಳೆದದ್ದು ಬಾರದು. ಈ ಗ್ರಾಹಕದ ವಂಶವಾಹಿ ಗುರುತಾದದ್ದು 1986ರಲ್ಲಿ, ಕಾಂಗ್ಡಾ ಪ್ರಯೋಗ ಶುರುವಾಗಿ 30 ವರ್ಷಕ್ಕೆ.

ವಯಸ್ಸಾದ ಮಿದುಳಿಗೂ ಈ ಹಾರ್ಮೋನು ಬೇಕು. ಅದು ಕಡಿಮೆಯಾದ ಹಿರಿಯರಲ್ಲಿ ಮರೆವು, ಮಂಕು ಕಾಣಿಸುತ್ತದೆ. ಮನೆಯವರು ಅರುಳು ಮರುಳು ಎಂದು ಬಿಟ್ಟುಬಿಡುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಮಾತ್ರೆಯೂ ಇದೆ.

1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ರಾಮಲಿಂಗಸ್ವಾಮಿ 1969ರಿಂದ 79ರವರೆಗೆ ದೆಹಲಿ ಏಮ್ಸ್ ನಿರ್ದೇಶಕರಾಗಿ, ನಂತರ ಐಸಿಎಂಆರ್ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದರು. 1976ರಲ್ಲಿ ಪದ್ಮವಿಭೂಷಣ ಬಂತು. ಆದರೆ 2000ದಲ್ಲಿ ಅಯೋಡಿನ್ ಇಲ್ಲದ ಉಪ್ಪಿನ ಮೇಲಿನ ನಿಷೇಧವನ್ನು ಕೇಂದ್ರ ತೆಗೆದುಹಾಕಿತು. 2001ರ ಮೇ 28ರಂದು ಅವರು ನಿಧನರಾದಾಗ ಪರಿಸ್ಥಿತಿ ಹಾಗೇ ಇತ್ತು. ನಿಷೇಧ ಮತ್ತೆ ಜಾರಿಯಾದದ್ದು 2006ರ ಮೇ ತಿಂಗಳಲ್ಲಿ.

ದೊಡ್ಡುಪ್ಪು ಕೊಳ್ಳುವವರು ಪೊಟ್ಟಣದ ಮೇಲೆ ನಗುವ ಸೂರ್ಯನ ಗುರುತು ನೋಡಬೇಕು. ಮನೆಯಲ್ಲಿ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ತೇವ ಮತ್ತು ಬಿಸಿಲು ತಾಗದಂತೆ ಇಡಬೇಕು. ಇಲ್ಲದಿದ್ದರೆ ಅಯೋಡಿನ್ ಕಡಿಮೆಯಾಗುತ್ತದೆ.