ಖರ್ಚಿನ ಮೊದಲ ಸಾಲಿನಲ್ಲಿ ದಾನ ಬರೆದ ವ್ಯಾಪಾರಿ

ವಾಣಿಜ್ಯ ವಿಭಾಗದ ನಾವು ದಿನವೂ ಲಾಭ-ನಷ್ಟದ ಲೆಕ್ಕ ಬರೆಯುತ್ತೇವೆ. ದಾನ ಎಂದರೆ ಎಲ್ಲಾ ಖರ್ಚು ಕಳೆದು ಉಳಿದದ್ದರಲ್ಲಿ ಕೊಡುವುದು ಎಂದು ಹೆಚ್ಚಿನವರು ತಿಳಿದಿದ್ದೇವೆ. ಆದರೆ ದಾನವನ್ನು ಖರ್ಚಿನ ಮೊದಲ ಸಾಲಿನಲ್ಲೇ ಬರೆದ ಒಬ್ಬ ವ್ಯಾಪಾರಿ ಇದ್ದರು. ಅವರ ಹೆಸರು ತಾನ್ ಕಾ ಕೀ. ಚೀನಾ ಮತ್ತು ಸಿಂಗಾಪುರದಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿರುವ ಈ ಹೆಸರು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಆದ್ದರಿಂದ ಅವರ ಜೀವನವನ್ನು ಇಲ್ಲಿ ಬರೆಯುತ್ತಿದ್ದೇನೆ.

ತಾನ್ ಕಾ ಕೀ 1874ರಲ್ಲಿ ಚೀನಾದ ಫುಜಿಯಾನ್ ಪ್ರಾಂತ್ಯದ ಜಿಮೇ ಎಂಬ ಕಡಲತೀರದ ಹಳ್ಳಿಯಲ್ಲಿ ಹುಟ್ಟಿದರು. ಅವರ ತಂದೆಗೆ ಸಿಂಗಾಪುರದಲ್ಲಿ ಅಕ್ಕಿ ವ್ಯಾಪಾರವಿತ್ತು. 1890ರಲ್ಲಿ, ಅಂದರೆ ನಮ್ಮದೇ ವಯಸ್ಸಿನಲ್ಲಿ, ಅವರು ಹಡಗು ಹತ್ತಿ ತಂದೆಯ ಅಂಗಡಿಗೆ ಕೆಲಸಕ್ಕೆ ಹೋದರು. ಇಪ್ಪತ್ತು ವಯಸ್ಸಿನ ಹೊತ್ತಿಗೆ ಊರಿಗೆ ಬಂದಾಗ, ಕೈಯಲ್ಲಿದ್ದ ಹಣದಿಂದ ಹಳ್ಳಿಯ ಮಕ್ಕಳಿಗಾಗಿ ಒಂದು ಚಿಕ್ಕ ಶಾಲೆ ತೆರೆದರು. ಆಗ ಅವರು ಶ್ರೀಮಂತರಾಗಿರಲಿಲ್ಲ.

1903ರ ಸುಮಾರಿಗೆ ತಂದೆಯ ವ್ಯಾಪಾರ ಮುಳುಗಿತು. ಎರಡು ಲಕ್ಷ ಡಾಲರಿಗೂ ಹೆಚ್ಚು ಸಾಲ ಉಳಿಯಿತು. ಕಾನೂನಿನ ಪ್ರಕಾರ ಮಗ ಅದನ್ನು ತೀರಿಸಬೇಕಾಗಿರಲಿಲ್ಲ. ಆದರೂ ಅವರು ಆ ಸಾಲವನ್ನು ತಮ್ಮ ಮೇಲೆ ಹಾಕಿಕೊಂಡರು. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಸಾಲವನ್ನು ಕರ್ಜ್ ಎನ್ನುತ್ತೇವೆ. ಅಬ್ಬಾ ಕರ್ಜ್ ಎಂಬ ಮಾತು ಬಂದರೆ ದನಿ ತಗ್ಗಿಸುತ್ತಾರೆ. ಹಾಗಾಗಿ ತಮ್ಮದಲ್ಲದ ಸಾಲವನ್ನು ತೀರಿಸಲು ಒಬ್ಬ ಯುವಕ ಮುಂದೆ ಬಂದದ್ದು ಎಷ್ಟು ದೊಡ್ಡ ವಿಷಯ ಎಂದು ನನಗೆ ಅರ್ಥವಾಗುತ್ತದೆ.

1904ರಲ್ಲಿ ಅವರು ಏಳು ಸಾವಿರ ಡಾಲರ್ ಬಂಡವಾಳದಲ್ಲಿ ಅನಾನಸ್ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಶುರು ಮಾಡಿದರು. 1906ರಲ್ಲಿ 1,80,000 ರಬ್ಬರ್ ಬೀಜ ಕೊಂಡು ಅನಾನಸ್ ಗಿಡಗಳ ನಡುವೆ ಹಾಕಿಸಿದರು. 1907ರಲ್ಲಿ ತಂದೆಯ ಸಾಲದ ಲೆಕ್ಕ ಮುಗಿಯಿತು. ಮುಂದೆ ಮೋಟಾರು ವಾಹನಗಳು ಹೆಚ್ಚಾದಂತೆ ರಬ್ಬರಿಗೆ ಬೆಲೆ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ ಹಡಗುಗಳನ್ನೂ ನಡೆಸಿದರು. ರಬ್ಬರ್ ಶೂ, ಟೈರುಗಳ ಕಾರ್ಖಾನೆಗಳಿಂದ ದೊಡ್ಡ ಶ್ರೀಮಂತರಾದರು.

ಹಣ ಬಂದ ಹಾಗೆ ಅದು ಮಕ್ಕಳ ಕಡೆಗೆ ಹರಿಯಿತು. ಜಿಮೇಯಲ್ಲಿ ಒಂದೊಂದು ಮನೆತನದವರೂ ತಮ್ಮ ಗಂಡುಮಕ್ಕಳಿಗೆ ಮಾತ್ರ ಪುಟ್ಟ ಪಾಠಶಾಲೆ ಇಟ್ಟುಕೊಂಡಿದ್ದರು. ಮನೆತನಗಳ ನಡುವೆ ಜಗಳವೂ ಇತ್ತು. ತಾನ್ ಕಾ ಕೀ ಎಲ್ಲರನ್ನೂ ಒಪ್ಪಿಸಿ, 1913ರಲ್ಲಿ ಊರಿಗೆಲ್ಲ ಒಂದೇ ಪ್ರಾಥಮಿಕ ಶಾಲೆ ಆರಂಭಿಸಿದರು. ಜಾಗ ಸಿಗದಿದ್ದಾಗ ದೊಡ್ಡ ಮೀನಿನ ಕೊಳವೊಂದನ್ನು ಕೊಂಡು, ಮಣ್ಣು ತುಂಬಿಸಿ, ಅದರ ಮೇಲೆ ಶಾಲೆ ಕಟ್ಟಿಸಿದರು. 1917ರಲ್ಲಿ ಹೆಣ್ಣುಮಕ್ಕಳ ಶಾಲೆ, 1918ರಲ್ಲಿ ಶಿಕ್ಷಕರ ತರಬೇತಿ ಶಾಲೆ ಮತ್ತು ಪ್ರೌಢಶಾಲೆ ಬಂದವು.

ಸಿಂಗಾಪುರದ ಚೀನೀಯರಲ್ಲೂ ಬೇರೆ ಬೇರೆ ಆಡುಮಾತಿನವರು ತಮ್ಮ ತಮ್ಮ ಶಾಲೆಗಳನ್ನು ಬೇರೆಯಾಗಿ ನಡೆಸುತ್ತಿದ್ದರು. 1919ರಲ್ಲಿ ಅವರು ಮುಂದೆ ನಿಂತು, ಎಲ್ಲರ ಮಕ್ಕಳೂ ಒಟ್ಟಿಗೆ ಓದುವ ಪ್ರೌಢಶಾಲೆಯನ್ನು ತೆರೆಸಿದರು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ನನಗೆ ಅವರ ಕೆಲಸಗಳಲ್ಲಿ ಇದು ಬಹಳ ಹತ್ತಿರದ್ದೆನಿಸಿತು.

1921ರಲ್ಲಿ ಷಿಯಾಮೆನ್ ವಿಶ್ವವಿದ್ಯಾಲಯ ಆರಂಭವಾಯಿತು. ಇದಕ್ಕೆ ಅವರು ಕೊಟ್ಟ ಮಾತು 40 ಲಕ್ಷ. ಹತ್ತು ಲಕ್ಷ ಆರಂಭಕ್ಕೆ, ಉಳಿದ ಮೂವತ್ತು ಲಕ್ಷ ಹನ್ನೆರಡು ವರ್ಷ ನಡೆಸುವ ಖರ್ಚಿಗೆ. ಅಷ್ಟರಲ್ಲಿ ರಬ್ಬರಿನ ಬೆಲೆ ಬಿದ್ದಿತು. 1929ರಲ್ಲಿ ಜಗತ್ತಿನಲ್ಲೆಲ್ಲ ಆರ್ಥಿಕ ಕುಸಿತ ಬಂತು. 1931ರಲ್ಲಿ ಅವರ ವ್ಯಾಪಾರ ಲಿಮಿಟೆಡ್ ಕಂಪನಿಯಾಗಿ, ಸಾಲ ಕೊಟ್ಟ ಬ್ಯಾಂಕುಗಳ ಹಿಡಿತಕ್ಕೆ ಹೋಯಿತು. ಶಾಲೆಗಳಿಗೆ ಕೊಡುವ ಹಣಕ್ಕೆ ಮಿತಿ ಬಂತು. ಅವರು ತಮ್ಮ ಬಂಗಲೆಗಳನ್ನು ಮಾರಿ ವಿಶ್ವವಿದ್ಯಾಲಯ ನಡೆಸಿದರು. 1934ರಲ್ಲಿ ಕಂಪನಿ ಮುಚ್ಚಿತು. 1937ರಲ್ಲಿ ವಿಶ್ವವಿದ್ಯಾಲಯವನ್ನು ಸರ್ಕಾರಕ್ಕೆ ಒಪ್ಪಿಸಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೊದಲು ವ್ಯಾಪಾರ ಉಳಿಸಿಕೊಂಡಿದ್ದರೆ ಮುಂದೆ ಇನ್ನೂ ಹೆಚ್ಚು ಕೊಡಬಹುದಿತ್ತಲ್ಲವೇ? ನಮ್ಮ ಪುಸ್ತಕದ ಪ್ರಕಾರ ಹೌದು ಎನ್ನಬೇಕು. ಶಾಲೆಗಳ ಖರ್ಚಿನಿಂದ ಅವರ ಕೈಯಲ್ಲಿ ನಗದು ಕಡಿಮೆಯಾದದ್ದೂ ನಿಜ. ಆದರೆ ಕಾರ್ಖಾನೆ ಎರಡು ವರ್ಷ ನಿಂತು ಮತ್ತೆ ಶುರುವಾಗಬಹುದು. ಎಂಟು ವರ್ಷದ ಮಗುವಿನ ಶಾಲೆ ಎರಡು ವರ್ಷ ಮುಚ್ಚಿದರೆ ಆ ಮಗು ಗದ್ದೆಗೋ ದೋಣಿಗೋ ಹೋಗುತ್ತದೆ, ಮತ್ತೆ ಬರುವುದಿಲ್ಲ. ಈ ನಷ್ಟವನ್ನು ಬರೆಯಲು ನಮ್ಮ ಲೆಕ್ಕದಲ್ಲಿ ಜಾಗವೇ ಇಲ್ಲ. ಅವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು ಎಂದು ನನಗನಿಸುತ್ತದೆ.

ಸಂಪತ್ತು ಹೋದ ಮೇಲೂ ಜನರ ನಂಬಿಕೆ ಹೋಗಲಿಲ್ಲ. ಜಪಾನ್ ಚೀನಾದ ಮೇಲೆ ಯುದ್ಧ ಮಾಡಿದಾಗ, ಆಗ್ನೇಯ ಏಷ್ಯಾದ ಚೀನೀಯರು 1938ರಲ್ಲಿ ಪರಿಹಾರ ನಿಧಿ ಮಾಡಿ ಅವರನ್ನೇ ಅಧ್ಯಕ್ಷರನ್ನಾಗಿಸಿದರು. ಬೀದಿ ವ್ಯಾಪಾರಿಗಳು, ರಿಕ್ಷಾ ಎಳೆಯುವವರು, ಶಾಲೆಯ ಮಕ್ಕಳೂ ಕೈಲಾದಷ್ಟು ಕೊಟ್ಟರು. 1939ರಲ್ಲಿ ಅವರ ಕರೆಗೆ ಮೂರು ಸಾವಿರಕ್ಕೂ ಹೆಚ್ಚು ಚಾಲಕರು ಮತ್ತು ಮೆಕ್ಯಾನಿಕ್‌ಗಳು ಸ್ವಯಂಸೇವಕರಾಗಿ ಬರ್ಮಾ ರಸ್ತೆಗೆ ಹೊರಟರು. ಆ ಬೆಟ್ಟದ ದಾರಿಯಲ್ಲಿ ಬಾಂಬು, ಮಲೇರಿಯಾ, ಅಪಘಾತಗಳಿಗೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಜನ ಹಿಂದಿರುಗಲಿಲ್ಲ. ಹಣ ಕೊಟ್ಟವರ ಹೆಸರು ಕಟ್ಟಡಗಳ ಮೇಲೆ ಇರುತ್ತದೆ. ಪ್ರಾಣ ಕೊಟ್ಟ ಈ ಚಾಲಕರನ್ನೂ ನಾವು ನೆನೆಯಬೇಕು.

1942ರಲ್ಲಿ ಸಿಂಗಾಪುರ ಜಪಾನಿನ ವಶವಾದಾಗ ತಾನ್ ಕಾ ಕೀ ಜಾವಾದಲ್ಲಿ ಅಡಗಿದ್ದರು. 1950ರಲ್ಲಿ ಚೀನಾಕ್ಕೆ ಮರಳಿ, ಜಿಮೇಯಲ್ಲಿ ಸರಳವಾಗಿ ಬದುಕುತ್ತಾ, ಯುದ್ಧದಲ್ಲಿ ಹಾಳಾದ ಶಾಲೆಗಳನ್ನು ಮತ್ತೆ ಕಟ್ಟಿಸಿದರು. 1961ರ ಆಗಸ್ಟ್ 12ರಂದು ಬೀಜಿಂಗ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ಜಿಮೇಯ ಕಡಲ ದಂಡೆಯಲ್ಲಿದೆ. ಉಳಿದಿದ್ದ ಹಣವನ್ನು ಅವರು ತಮ್ಮ ಮಕ್ಕಳಿಗಲ್ಲ, ಶಾಲೆಗಳಿಗೆ ಮತ್ತು ಸಾರ್ವಜನಿಕ ಕೆಲಸಕ್ಕೆ ಬಿಟ್ಟುಹೋದರು.

ಅವರ ಕಂಪನಿ ಇಂದು ಇಲ್ಲ. ಜಿಮೇಯ ಶಾಲೆಗಳು ಮತ್ತು ಷಿಯಾಮೆನ್ ವಿಶ್ವವಿದ್ಯಾಲಯ ಇಂದಿಗೂ ನಡೆಯುತ್ತಿವೆ. ಇನ್ನು ಕೆಲವೇ ವರ್ಷಗಳಲ್ಲಿ ನಾವೂ ಸಂಪಾದನೆ ಶುರು ಮಾಡುತ್ತೇವೆ. ಮೊದಲ ಸಂಬಳದ ಖರ್ಚಿನ ಪಟ್ಟಿ ಬರೆಯುವಾಗ, ಯಾವುದಾದರೂ ಒಂದು ಮಗುವಿನ ಫೀಸನ್ನು ಕೊನೆಯ ಸಾಲಿನಲ್ಲಿ ಬರೆಯದೆ ಮೊದಲ ಸಾಲಿನಲ್ಲಿ ಬರೆಯೋಣ.